ಹಳೆಯದಾದರೆ ಸಾಲದು, ನಿಜವಾಗಿರಬೇಕು

(ಮಾಸಿಕ ಶಿವಾನುಭವ ಗೋಷ್ಠಿಯಲ್ಲಿ ನೀಡಿದ ಉಪನ್ಯಾಸದ ಬರಹರೂಪ)

 

ಈ ತಿಂಗಳ ಗೋಷ್ಠಿಗೆ 'ಪ್ರಾಚೀನ ರಹಸ್ಯಗಳು ಮತ್ತು ನಾವು' ಎಂಬ ವಿಷಯ ಕೊಟ್ಟಿದ್ದಾರೆ. ಶಿವಾನುಭವಕ್ಕೂ ಇದಕ್ಕೂ ಏನು ಸಂಬಂಧ ಎಂದು ಕೆಲವರಿಗೆ ಅನಿಸಿರಬಹುದು. ಸಂಬಂಧವಿದೆ. ಇಂದು ಮನೆಮನೆಯ ಮೊಬೈಲಿನಲ್ಲಿ ದಿನಕ್ಕೊಂದು ರಹಸ್ಯ ಬಂದು ಬೀಳುತ್ತದೆ. ಸಮುದ್ರದ ತಳದಲ್ಲಿ ನಗರ ಸಿಕ್ಕಿತಂತೆ, ಭೂಮಿಯೊಳಗೆ ಸಾವಿರಾರು ವರ್ಷದ ಲಿಂಗ ಸಿಕ್ಕಿತಂತೆ, ಆ ಗುಡಿಯನ್ನು ಮನುಷ್ಯರು ಕಟ್ಟಿದ್ದೇ ಅಲ್ಲವಂತೆ. ನೋಡಿದವರು ಕೈಮುಗಿದು ಇನ್ನೂ ಹತ್ತು ಮಂದಿಗೆ ಕಳಿಸುತ್ತಾರೆ. ಹಳೆಯದನ್ನು ತಿಳಿಯಬೇಕೆಂಬ ಹಂಬಲ ಒಳ್ಳೆಯದೇ. ಆ ಹಂಬಲ ಯಾವ ದಾರಿ ಹಿಡಿದಿದೆ ಎಂಬುದನ್ನು ಮೂರು ಉದಾಹರಣೆಗಳ ಮೂಲಕ ನೋಡೋಣ.

ಮೊದಲನೆಯದು ಎಲ್ಲೋರದ ಕೈಲಾಸ ದೇವಾಲಯ. ಅಲ್ಲಿನ 16ನೆಯ ಗುಹೆ ಅದು. ಬೆಟ್ಟವನ್ನು ಮೇಲಿನಿಂದ ಕೆಳಕ್ಕೆ ಕಡಿಯುತ್ತಾ ಬಂದು, ಒಂದೇ ಕಲ್ಲಿನಲ್ಲಿ ಇಡೀ ದೇವಾಲಯವನ್ನು ಬಿಡಿಸಿದ್ದಾರೆ. ಅದಕ್ಕಾಗಿ ತೆಗೆದ ಕಲ್ಲು ಲಕ್ಷಗಟ್ಟಲೆ ಟನ್ನು. ನೋಡಿದವರಿಗೆ ದಿಗ್ಭ್ರಮೆಯಾಗುವುದು ಸಹಜ. ಆದರೆ ಆ ದಿಗ್ಭ್ರಮೆಯನ್ನೇ ಬಂಡವಾಳ ಮಾಡಿಕೊಂಡು, ಇದು ಮನುಷ್ಯರ ಕೈಯಲ್ಲಿ ಆಗುವ ಕೆಲಸವಲ್ಲ, ಬೇರೆ ಗ್ರಹದಿಂದ ಬಂದವರು ಮಾಡಿದ್ದು ಎಂದು ಹೇಳುವವರಿದ್ದಾರೆ. 1968ರಲ್ಲಿ ಎರಿಕ್ ವಾನ್ ಡ್ಯಾನಿಕನ್ ಎಂಬ ಸ್ವಿಸ್ ಲೇಖಕ ಪ್ರಪಂಚದ ಪ್ರಾಚೀನ ಕಟ್ಟಡಗಳಿಗೆಲ್ಲ ಅನ್ಯಗ್ರಹದವರನ್ನು ಗಂಟುಹಾಕಿ ಪುಸ್ತಕ ಬರೆದ. ಅದು ಲಕ್ಷಾಂತರ ಪ್ರತಿ ಮಾರಾಟವಾಯಿತು. ಆ ಬೀಜದ ಬೆಳೆಯನ್ನು ನಾವು ಈಗಲೂ ಕೊಯ್ಯುತ್ತಿದ್ದೇವೆ.

ನಿಜ ಸಂಗತಿ ಏನು? ಈ ದೇವಾಲಯದ ಬಹುಭಾಗ ಎಂಟನೆಯ ಶತಮಾನದ ರಾಷ್ಟ್ರಕೂಟ ದೊರೆ ಒಂದನೆಯ ಕೃಷ್ಣನ ಕಾಲದ್ದು. ಕೆಲವು ಭಾಗಗಳು ಅವನ ನಂತರವೂ ಆಗಿರಬಹುದು ಎಂದು ವಿದ್ವಾಂಸರು ಹೇಳುತ್ತಾರೆ. ಅವನು ಕಾಲವಾಗಿ ಸುಮಾರು ನಲವತ್ತು ವರ್ಷಗಳ ನಂತರ, 812ರಲ್ಲಿ, ಅದೇ ವಂಶದ ಕರ್ಕರಾಜ ಬರೆಸಿದ ತಾಮ್ರಶಾಸನ ಬರೋಡದಲ್ಲಿ ದೊರೆತಿದೆ. ಏಲಾಪುರದ ಬೆಟ್ಟದಲ್ಲಿ ಕೃಷ್ಣರಾಜ ಮಾಡಿಸಿದ ಈ ಗುಡಿಯನ್ನು ಅದು ಹೊಗಳುತ್ತದೆ. ಇದನ್ನು ಮಾಡಿದ ಶಿಲ್ಪಿಯೇ, ನಾನು ಇದನ್ನು ಹೇಗೆ ಮಾಡಿದೆನೋ ಎಂದು ಬೆರಗಾದನೆಂಬ ಅರ್ಥದ ಮಾತು ಅದರಲ್ಲಿದೆ. ಅಂದರೆ ಬೆರಗು ಆ ಕಾಲದವರಿಗೂ ಇತ್ತು. ಬೆರಗಾದರೂ ಅವರು ಕೆಲಸಗಾರನನ್ನು ಮರೆಯಲಿಲ್ಲ.

ಆ ಕೌಶಲ ಆಕಾಶದಿಂದ ಬಿದ್ದದ್ದೂ ಅಲ್ಲ. ಎಲ್ಲೋರದ ಕೈಲಾಸಕ್ಕೆ ಮಾದರಿಯಾದದ್ದು ನಮ್ಮ ಬಾಗಲಕೋಟೆ ಜಿಲ್ಲೆಯ ಪಟ್ಟದಕಲ್ಲಿನ ವಿರೂಪಾಕ್ಷ ದೇವಾಲಯ. ಚಾಲುಕ್ಯ ದೊರೆ ಇಮ್ಮಡಿ ವಿಕ್ರಮಾದಿತ್ಯ ಕಂಚಿಯನ್ನು ಗೆದ್ದ ನೆನಪಿಗೆ ರಾಣಿ ಲೋಕಮಹಾದೇವಿ ಅದನ್ನು ಕಟ್ಟಿಸಿದಳು. ಅದಕ್ಕೆ ಕಂಚಿಯ ಕೈಲಾಸನಾಥ ಗುಡಿ ಮಾದರಿ. ಕಂಚಿಯಿಂದ ಪಟ್ಟದಕಲ್ಲಿಗೆ, ಪಟ್ಟದಕಲ್ಲಿನಿಂದ ಎಲ್ಲೋರಕ್ಕೆ ವಿದ್ಯೆ ಕೈಯಿಂದ ಕೈಗೆ ಸಾಗಿ ಬಂತು. ಪಟ್ಟದಕಲ್ಲಿನ ಶಾಸನಗಳು ಗುಂಡ ಅನಿವಾರಿತಾಚಾರಿ, ಸರ್ವಸಿದ್ಧಿ ಆಚಾರಿ ಎಂದು ರೂವಾರಿಗಳ ಹೆಸರನ್ನೇ ಹೇಳುತ್ತವೆ. ಎಲ್ಲೋರದಲ್ಲಿ ಅರ್ಧಕ್ಕೆ ನಿಂತ ಗುಹೆಗಳಿವೆ, ಗೋಡೆಗಳ ಮೇಲೆ ಉಳಿಯ ಗುರುತುಗಳಿವೆ. ಕೆಲಸ ಯಾವ ಕ್ರಮದಲ್ಲಿ ಸಾಗಿತು ಎಂಬುದನ್ನು ಅವೇ ತೋರಿಸುತ್ತವೆ. ಅನ್ಯಗ್ರಹದವರಿಗೆ ಉಳಿ ಸುತ್ತಿಗೆ ಏಕೆ ಬೇಕಿತ್ತು?

ಶರಣ ಬಂಧುಗಳೇ, ಇಲ್ಲಿ ನಮಗೆ ಸಂಬಂಧಿಸಿದ ಮಾತಿದೆ. ನಮ್ಮ ಧರ್ಮದಲ್ಲಿ ಅಂಬಿಗರ ಚೌಡಯ್ಯ, ಮೇದರ ಕೇತಯ್ಯ, ನುಲಿಯ ಚಂದಯ್ಯ, ಮಡಿವಾಳ ಮಾಚಯ್ಯ ಎಂದು ಕಾಯಕವನ್ನು ಹೆಸರಿನ ಜೊತೆಗೇ ಸೇರಿಸಿ ಗೌರವದಿಂದ ಕರೆಯುತ್ತೇವೆ. ದುಡಿಯುವ ಕೈಗೆ ಇಷ್ಟು ಮರ್ಯಾದೆ ಕೊಟ್ಟ ಪರಂಪರೆಯವರು ನಾವು. ಕಲ್ಲು ಕಡಿದು ಬೆವರು ಸುರಿಸಿದವನ ಕಾಯಕವನ್ನು ಕಿತ್ತು ಯಾವುದೋ ನಕ್ಷತ್ರದವನಿಗೆ ಕೊಡುವುದು ಆ ಕಾಯಕಜೀವಿಗೆ ಮಾಡುವ ದ್ರೋಹ. ಬಡವರು, ಓದು ಬರಹ ಬಾರದವರು ಇಂಥದ್ದನ್ನು ಮಾಡಿಯಾರೇ ಎಂಬ ತಾತ್ಸಾರ ಇಂಥ ರಹಸ್ಯಕಥೆಗಳ ಬೆನ್ನ ಹಿಂದೆ ಅಡಗಿದೆ. ಶರಣರು ಹೋರಾಡಿದ್ದು ಇದೇ ತಾತ್ಸಾರದ ವಿರುದ್ಧ.

ಎರಡನೆಯ ಉದಾಹರಣೆ ಸಿಂಧೂ ಕಣಿವೆಯದು. ಮೊಹೆಂಜೊದಾರೊ, ಹರಪ್ಪಗಳಲ್ಲಿ ಸಿಕ್ಕ ಮುದ್ರೆಗಳ ಲಿಪಿಯನ್ನು ಎಲ್ಲರೂ ಒಪ್ಪುವಂತೆ ಇದುವರೆಗೆ ಯಾರೂ ಓದಿಲ್ಲ. ಬರಹಗಳು ಬಹಳ ಚಿಕ್ಕವು, ಸರಾಸರಿ ಐದು ಚಿಹ್ನೆ. ಎರಡು ಭಾಷೆಗಳಲ್ಲಿ ಬರೆದ ಒಂದು ಫಲಕವೂ ಸಿಕ್ಕಿಲ್ಲ. 2025ರ ಜನವರಿಯಲ್ಲಿ ತಮಿಳುನಾಡಿನ ಮುಖ್ಯಮಂತ್ರಿಗಳು ಈ ಲಿಪಿಯನ್ನು ಓದಿದವರಿಗೆ 10 ಲಕ್ಷ ಡಾಲರ್ ಬಹುಮಾನ ಘೋಷಿಸಿದರು. ಕುತೂಹಲ ಎಷ್ಟಿದೆ ಎಂಬುದಕ್ಕೆ ಇದು ಸಾಕ್ಷಿ.

ಕುತೂಹಲವಿದ್ದಲ್ಲಿ ಆತುರವೂ ಇರುತ್ತದೆ. 2000ದಲ್ಲಿ ನಮ್ಮ ಬೆಂಗಳೂರಿನ ಎನ್.ಎಸ್. ರಾಜಾರಾಂ ಅವರು ಎನ್. ಝಾ ಅವರ ಜೊತೆಗೂಡಿ, ಲಿಪಿಯನ್ನು ಓದಿದ್ದೇವೆಂದು ಪುಸ್ತಕ ತಂದರು. ಅದರಲ್ಲಿ ಕುದುರೆಯ ಚಿತ್ರವಿರುವ ಮುದ್ರೆಯೊಂದನ್ನು ತೋರಿಸಿದರು. ವೇದಗಳಲ್ಲಿ ಕುದುರೆಗೆ ದೊಡ್ಡ ಸ್ಥಾನ. ಹರಪ್ಪದ ಮುದ್ರೆಗಳಲ್ಲಿ ಕುದುರೆ ಕಾಣುವುದಿಲ್ಲ. ಆದ್ದರಿಂದ ಆ ಒಂದು ಚಿತ್ರದ ಮೇಲೆ ಬಹಳ ಭಾರ ಬಿದ್ದಿತ್ತು. ಅದೇ ವರ್ಷ ಅಕ್ಟೋಬರಿನ 'ಫ್ರಂಟ್‌ಲೈನ್' ಪತ್ರಿಕೆಯಲ್ಲಿ ಮೈಕಲ್ ವಿಟ್ಜೆಲ್ ಮತ್ತು ಸ್ಟೀವ್ ಫಾರ್ಮರ್ ಅದೇ ಮುದ್ರೆಯ ಸ್ಪಷ್ಟ ಚಿತ್ರಗಳನ್ನು ಮುಂದಿಟ್ಟರು. ಅದು ಮುರಿದ ಮುದ್ರೆ. ಪ್ರಾಣಿಯ ಮುಂಭಾಗವೇ ಇಲ್ಲ. ಉಳಿದ ಹಿಂಭಾಗ ಹರಪ್ಪದಲ್ಲಿ ನೂರಾರು ಸಿಗುವ ಒಂಟಿಕೊಂಬಿನ ಗೂಳಿಯದು. ಪುಸ್ತಕದಲ್ಲಿದ್ದ ಚಿತ್ರ ಗಣಕಯಂತ್ರದಲ್ಲಿ ತಿದ್ದಿ 'ಸ್ಪಷ್ಟ'ಗೊಳಿಸಿದ್ದಾಗಿತ್ತು. ಇಲ್ಲದ ಮುಖದ ಜಾಗದಲ್ಲಿ ಬೇಕಾದ ಮುಖ ಕಂಡಿತ್ತು.

ಇದನ್ನು ಕೇಳಿ, ವೈದಿಕ ವಾದಕ್ಕೆ ಒಳ್ಳೆಯ ಪೆಟ್ಟು ಬಿತ್ತು ಎಂದು ನಮ್ಮಲ್ಲಿ ಕೆಲವರು ಸಂತೋಷಪಡಬಹುದು. ಸ್ವಲ್ಪ ನಿಲ್ಲಿ. ನಮ್ಮ ವೇದಿಕೆಗಳಿಂದಲೂ ಒಂದು ಮಾತು ಆಗಾಗ ಕೇಳಿಬರುತ್ತದೆ. ಮೊಹೆಂಜೊದಾರೊದಲ್ಲಿ ಲಿಂಗ ಸಿಕ್ಕಿದೆ, ಶಿವಯೋಗಿಯ ಮುದ್ರೆ ಸಿಕ್ಕಿದೆ, ಆದ್ದರಿಂದ ನಮ್ಮ ಧರ್ಮ ಐದು ಸಾವಿರ ವರ್ಷದ್ದು ಎಂಬ ಮಾತು. ಅದರ ಮೂಲ ಏನೆಂದರೆ, ಕೋಡಿನ ಕಿರೀಟ ತೊಟ್ಟು ಕುಳಿತ ಆಕೃತಿಯ ಮುದ್ರೆಯನ್ನು ಜಾನ್ ಮಾರ್ಷಲ್ 1931ರಲ್ಲಿ ಶಿವನ ಆದಿರೂಪ ಎಂದು ಕರೆದರು. ಕೆಲವು ಕಲ್ಲುಗಳನ್ನು ಲಿಂಗ ಎಂದು ಗುರುತಿಸಿದರು. ನಂತರದ ವಿದ್ವಾಂಸರು ಎರಡನ್ನೂ ಪ್ರಶ್ನಿಸಿದ್ದಾರೆ. ಆಕೃತಿಗೆ ನಿಜಕ್ಕೂ ಮೂರು ಮುಖಗಳಿವೆಯೇ, ಅದು ಎಮ್ಮೆಕೋಡಿನ ಬೇರೊಂದು ದೈವವೇ ಎಂಬ ಚರ್ಚೆ ಇನ್ನೂ ಮುಗಿದಿಲ್ಲ. ಬರಹವನ್ನು ಓದಲಾಗದ ಮುದ್ರೆಯ ಮೇಲೆ ನಾವು ನಮ್ಮ ಇಷ್ಟಲಿಂಗವನ್ನು ಕಾಣುವುದಕ್ಕೂ, ಮುರಿದ ಮುದ್ರೆಯ ಮೇಲೆ ಕುದುರೆಯನ್ನು ಕಾಣುವುದಕ್ಕೂ ವ್ಯತ್ಯಾಸವೇನು?

ಇನ್ನೊಂದು ಪ್ರಶ್ನೆ ಇದಕ್ಕಿಂತ ಮುಖ್ಯ. ಐದು ಸಾವಿರ ವರ್ಷ ಏಕೆ ಬೇಕು? ಹಳೆಯದೇ ಶ್ರೇಷ್ಠ ಎಂದಾದರೆ ಬಸವಣ್ಣನವರು ಕಲ್ಯಾಣದಲ್ಲಿ ಸೋತಂತೆಯೇ ಸರಿ. ಹಿಂದಿನಿಂದ ಬಂದದ್ದು ಎಂಬ ಒಂದೇ ಕಾರಣಕ್ಕೆ ಒಪ್ಪಬೇಕಾದ ಜಾತಿಯನ್ನು, ಸೂತಕವನ್ನು, ಹೆಣ್ಣಿನ ಕೀಳರಿಮೆಯನ್ನು ಅವರು ಒಪ್ಪಲಿಲ್ಲ. ಹನ್ನೆರಡನೆಯ ಶತಮಾನದಲ್ಲಿ ನಿಂತು, ತಮ್ಮ ಅನುಭಾವವನ್ನೇ ಸಾಕ್ಷಿ ಮಾಡಿಕೊಂಡು, ಜನರಾಡುವ ಕನ್ನಡದಲ್ಲಿ ಹೊಸ ಮಾತು ಹೇಳಿದರು. ಆ ಹೊಸತನವೇ ನಮ್ಮ ಆಸ್ತಿ. ಅದನ್ನು ಬಿಟ್ಟು ಹಳತನದ ಪಂದ್ಯಕ್ಕೆ ಇಳಿದರೆ, ಶರಣರು ತಿರಸ್ಕರಿಸಿದ ಅಳತೆಗೋಲಿನಲ್ಲೇ ಶರಣರನ್ನು ಅಳೆದಂತಾಗುತ್ತದೆ.

ಮೂರನೆಯ ಉದಾಹರಣೆ ನಮ್ಮ ಮನೆಯೊಳಗಿನದೇ. ಹಾವೇರಿ ಜಿಲ್ಲೆಯ ಅಬ್ಬಲೂರಿನ ಗುಡಿಯಲ್ಲಿ ಸುಮಾರು ಕ್ರಿ.ಶ. 1200ರ ಶಾಸನವೊಂದಿದೆ. ಜೆ.ಎಫ್. ಫ್ಲೀಟ್ ಅದನ್ನು 'ಎಪಿಗ್ರಾಫಿಯಾ ಇಂಡಿಕಾ'ದ ಐದನೆಯ ಸಂಪುಟದಲ್ಲಿ ಪ್ರಕಟಿಸಿದರು. ಆಳಂದದಿಂದ ಬಂದ ಏಕಾಂತದ ರಾಮಯ್ಯ ಜೈನರೊಡನೆ ಪಣ ಕಟ್ಟಿ, ತನ್ನ ತಲೆಯನ್ನು ಕತ್ತರಿಸಿ ಶಿವನಿಗೆ ಅರ್ಪಿಸಿ, ಏಳು ದಿನಗಳ ಬಳಿಕ ಮರಳಿ ಪಡೆದನೆಂದು ಅದು ಹೇಳುತ್ತದೆ. ಜಿನಬಿಂಬವನ್ನು ಒಡೆದದ್ದನ್ನೂ, ಜೈನರು ಬಿಜ್ಜಳನಲ್ಲಿ ದೂರಿದ್ದನ್ನೂ, ಬಿಜ್ಜಳ ರಾಮಯ್ಯನಿಗೆ ಜಯಪತ್ರ ಕೊಟ್ಟದ್ದನ್ನೂ ಹೇಳುತ್ತದೆ. ಬಸವಣ್ಣನವರ ಹೆಸರು ಅದರಲ್ಲಿಲ್ಲ. ಅದನ್ನು ನೋಡಿ ಫ್ಲೀಟ್, ಈ ಚಳವಳಿಯ ಮೊದಲಿಗ ರಾಮಯ್ಯನೇ ಇರಬೇಕೆಂಬ ಕಡೆಗೆ ವಾಲಿದರು. ಪುರಾಣಗಳು ಹೇಳುವ ಬಸವಣ್ಣನವರ ಕಥೆಯನ್ನು ಸಂಶಯದಿಂದ ನೋಡಿದರು.

ಆ ಸಂಶಯಕ್ಕೆ ಉತ್ತರ ಘೋಷಣೆಗಳಿಂದ ಬರಲಿಲ್ಲ, ಇನ್ನೊಂದು ಕಲ್ಲಿನಿಂದ ಬಂತು. ಬೆಳಗಾವಿ ಜಿಲ್ಲೆ ಹುಕ್ಕೇರಿ ತಾಲ್ಲೂಕಿನ ಅರ್ಜುನವಾಡದ ಶಾಸನ 1260ರದು, ಸೇವುಣ ದೊರೆ ಕನ್ನರನ ಕಾಲದ್ದು. ತರ್ದವಾಡಿ ನಾಡಿನ ಬಾಗೆವಾಡಿ, ತಂದೆ ಮಾದಿರಾಜ, ಮಗ ಬಸವರಾಜ ಎಂಬ ವಿವರ ಅದರಲ್ಲಿದೆ. ಕಲ್ಯಾಣದ ಘಟನೆಗಳು ನಡೆದು ಸುಮಾರು ತೊಂಬತ್ತು ವರ್ಷಗಳ ನಂತರದ ಸಾಕ್ಷಿ ಇದು. ಇದರ ಪ್ರತಿಯೊಂದು ಸಾಲಿನ ಬಗ್ಗೆಯೂ ಚರ್ಚೆ ನಡೆದಿದೆ, ನಡೆಯಲಿ. ಸಂಶಯಪಟ್ಟವನನ್ನು ಬೈದು ಸುಮ್ಮನಾಗಿದ್ದರೆ ಈ ಶಾಸನದ ಬೆಲೆ ನಮಗೆ ತಿಳಿಯುತ್ತಿರಲಿಲ್ಲ.

ಅಬ್ಬಲೂರಿನ ಶಾಸನವನ್ನು ನಾವು ಹೇಗೆ ಓದುತ್ತೇವೆ ಎಂಬುದೇ ನಮ್ಮ ಪರೀಕ್ಷೆ. ತಲೆ ಮರಳಿ ಬಂದದ್ದನ್ನು ಮಾತ್ರ ಭಾಷಣದಲ್ಲಿ ಹೇಳಿ, ಬಿಂಬ ಒಡೆದದ್ದನ್ನು ನುಂಗಿಕೊಂಡರೆ ನಾವೂ ಕಲ್ಲನ್ನು ಅರ್ಧ ಮುರಿದಂತೆ. ದಯೆಯನ್ನು ಧರ್ಮದ ಬೇರು ಎಂದು ನಂಬಿದವರು ಆ ಸಾಲನ್ನೂ ಗಟ್ಟಿಯಾಗಿ ಓದಬೇಕು. ಪವಾಡದ ಭಾಗದಲ್ಲಿ, ಕ್ರಿ.ಶ. 1200ರ ಜನ ಏನನ್ನು ನಂಬಿದ್ದರು, ದಾನಕೊಟ್ಟ ದೊರೆಗಳು ಯಾವ ಕಥೆಯನ್ನು ಕಲ್ಲಿನಲ್ಲಿ ಉಳಿಸಲು ಬಯಸಿದರು ಎಂಬುದನ್ನು ತಿಳಿಯಬೇಕು. ಶಾಸನ ಸಾಕ್ಷಿ ನಿಜ. ಆದರೆ ಪ್ರತಿ ಸಾಕ್ಷಿಗೂ ತನ್ನದೊಂದು ಪಕ್ಷವಿರುತ್ತದೆ.

ಹೀಗೆ ಓದಿದವರನ್ನು ನಾವು ಹೇಗೆ ನಡೆಸಿಕೊಂಡೆವು? ಸಮಗ್ರ ವಚನ ಸಂಪುಟಗಳ ಪ್ರಧಾನ ಸಂಪಾದಕರಾಗಿದ್ದ ಡಾ. ಎಂ.ಎಂ. ಕಲಬುರ್ಗಿಯವರು ಶಾಸನ, ತಾಳೆಗರಿಗಳಲ್ಲೇ ಬದುಕು ಸವೆಸಿದವರು. ಅವರ 'ಮಾರ್ಗ' ಕೃತಿಯಲ್ಲಿ ಬಸವಣ್ಣನವರ ಕುಟುಂಬದ ಬಗ್ಗೆ ಇದ್ದ ಕೆಲವು ವ್ಯಾಖ್ಯಾನಗಳನ್ನು 1989ರಲ್ಲಿ ಒತ್ತಡ ಹೇರಿ ಹಿಂತೆಗೆಸಲಾಯಿತು. ಒತ್ತಡ ಹೇರಿದವರು ಹೊರಗಿನವರಲ್ಲ, ನಮ್ಮವರೇ. ಅವರ ವ್ಯಾಖ್ಯಾನ ತಪ್ಪಿದ್ದರೆ ಇನ್ನೊಂದು ಆಧಾರ ತಂದು ತೋರಿಸಬಹುದಿತ್ತು. 2015ರ ಆಗಸ್ಟ್ 30ರಂದು ಧಾರವಾಡದ ಮನೆಯ ಬಾಗಿಲಲ್ಲಿ ಅವರಿಗೆ ಗುಂಡಿಕ್ಕಿದರು. ಆಗ ನಾವೆಲ್ಲ ಕಣ್ಣೀರಿಟ್ಟೆವು. ಆ ಕಣ್ಣೀರು ಪ್ರಾಮಾಣಿಕವಾಗಿದ್ದರೆ, ಮುಂದೆ ನಮ್ಮ ನಡುವೆ ಪ್ರಶ್ನೆ ಕೇಳುವವನಿಗೆ ಜಾಗವಿರಬೇಕು.

ಫ.ಗು. ಹಳಕಟ್ಟಿಯವರನ್ನು ನೆನೆಯೋಣ. ವಿಜಯಪುರದಲ್ಲಿ ವಕೀಲಿ ಮಾಡುತ್ತಿದ್ದವರು ಊರೂರು ತಿರುಗಿ ತಾಳೆಗರಿ ಕಟ್ಟುಗಳನ್ನು ಕೂಡಿಹಾಕಿ, 1923ರಲ್ಲಿ 'ವಚನ ಶಾಸ್ತ್ರಸಾರ'ದ ಮೊದಲ ಭಾಗ ತಂದರು, 1926ರಲ್ಲಿ 'ಶಿವಾನುಭವ' ಪತ್ರಿಕೆ ಆರಂಭಿಸಿದರು. ಜಗಲಿಯ ಮೇಲೆ ವಿಭೂತಿ ಹಚ್ಚಿಸಿಕೊಂಡು ಪೂಜೆಗೊಳ್ಳುತ್ತಿದ್ದ ಕಟ್ಟುಗಳನ್ನು ಅವರು ಬಿಚ್ಚಿ ಓದಿದರು. ಬಿಚ್ಚದೆ ಪೂಜಿಸಿದ್ದರೆ ಅವು ರಹಸ್ಯವಾಗಿಯೇ ಉಳಿದು ಗೆದ್ದಲಿಗೆ ಆಹಾರವಾಗುತ್ತಿದ್ದವು. ನಾವು ಇಂದು ವಚನ ಓದುತ್ತಿರುವುದು ಆ ಬಿಚ್ಚಿದ ಕೈಗಳಿಂದ.

ಕೊನೆಯದಾಗಿ ಪೂಜ್ಯರಲ್ಲಿ ಮತ್ತು ತಮ್ಮಲ್ಲಿ ಕೆಲವು ವಿನಂತಿಗಳು. ಮಠಗಳ, ಮನೆಗಳ ಪೆಟ್ಟಿಗೆಯಲ್ಲಿರುವ ತಾಳೆಗರಿ, ಕಡತಗಳ ಪಟ್ಟಿಯಾಗಲಿ, ಛಾಯಾಚಿತ್ರ ತೆಗೆಸಲಿ, ಯಾವ ಜಾತಿಯ, ಯಾವ ಧರ್ಮದ ಸಂಶೋಧಕ ಬಂದರೂ ನೋಡಲು ಕೊಡಲಿ. ಜೀರ್ಣೋದ್ಧಾರದ ಹೆಸರಿನಲ್ಲಿ ಶಾಸನದ ಕಲ್ಲಿಗೆ ಬಣ್ಣ ಬಳಿಯುವುದು, ಅದನ್ನು ಮೆಟ್ಟಿಲಿಗೆ ಹಾಕುವುದು ನಿಲ್ಲಲಿ. ಊರಲ್ಲಿ ಹೊಲ ಅಗೆಯುವಾಗ ಏನಾದರೂ ಸಿಕ್ಕರೆ ಅದನ್ನು ಕದಲಿಸದೆ ಪುರಾತತ್ವ ಇಲಾಖೆಗೆ ತಿಳಿಸಿ. ಯಾವ ಮಣ್ಣಿನ ಪದರದಲ್ಲಿ, ಯಾವುದರ ಪಕ್ಕದಲ್ಲಿ ಸಿಕ್ಕಿತು ಎಂಬುದರಿಂದಲೇ ಅದರ ಕಾಲ ತಿಳಿಯಬೇಕು. ಎತ್ತಿ ತಂದು ಕುಂಕುಮ ಹಚ್ಚಿದ ಮೇಲೆ ಆ ಸಾಕ್ಷಿ ಅರ್ಧ ಸತ್ತಂತೆ. ಇನ್ನು ಮೊಬೈಲಿನಲ್ಲಿ ರಹಸ್ಯವೊಂದು ಬಂದಾಗ ಮೂರು ಪ್ರಶ್ನೆ ಕೇಳಿ: ಎಲ್ಲಿ ಸಿಕ್ಕಿತು? ಯಾರು ಪರೀಕ್ಷಿಸಿದರು? ಅದು ನಿಜವಲ್ಲವೆಂದು ತಿಳಿದರೆ ನನಗೆ ಬೇಸರವಾಗುತ್ತದೆಯೇ? ಬೇಸರವಾಗುವುದಾದರೆ ಅದನ್ನು ಇನ್ನೂ ಎರಡು ಪಟ್ಟು ಎಚ್ಚರದಿಂದ ಪರೀಕ್ಷಿಸಿ.

ತಮ್ಮ ಅರಿವನ್ನೇ ಗುರುವೆಂದು ನಂಬಿದ ಶರಣರ ಮಕ್ಕಳು ನಾವು. ನಮ್ಮ ಅರಿವಿಗೆ ನಾವೇ ಮಣ್ಣೆರಚಿಕೊಳ್ಳುವುದು ಬೇಡ.