ಹತ್ತಿಯ ಹುಳುವೂ ಸರಕಾರದ ಕಟ್ಟಳೆಯೂ

(ನಮ್ಮ ವಾಚನಾಲಯದ ಕೂಟದಲ್ಲಿ ಮಾಡಿದ ಭಾಷಣ)



ಗಿರಣಿಯಲ್ಲಿ ದುಡಿಯುವ ನಮಗೆ ಹತ್ತಿ ಎಂದರೆ ಬೇಲು, ತೂಕ, ದರ. ಅದು ಬೆಳೆದ ಹೊಲದಲ್ಲಿ ಏನು ನಡೆದಿದೆ ಎಂದು ನಾವು ವಿಚಾರಿಸುವದು ಕಡಿಮೆ. ವಿದರ್ಭದ ಹೊಲವಿರಲಿ, ನಮ್ಮ ರಾಯಚೂರ ಹೊಲವಿರಲಿ, ಇಂದು ಹತ್ತಿಯ ದೊಡ್ಡ ಶತ್ರುಗಳಲ್ಲೊಂದು ಗುಲಾಬಿ ಕಾಯಿಕೊರಕ ಹುಳು. ಅದು ಕಾಯಿಯೊಳಗೆ ಹೊಕ್ಕು ಕಾಳನ್ನು ತಿನ್ನುತ್ತದೆ. ಹೊರಗೆ ಕಾಯಿ ನೆಟ್ಟಗೇ ಕಾಣುತ್ತದೆ. ಔಷಧ ಹೊಡೆದರೂ ಒಳಗಿನ ಹುಳುವಿಗೆ ತಾಗದು.

2002ರಲ್ಲಿ ಕೇಂದ್ರ ಸರಕಾರ ಬೀಟಿ ಹತ್ತಿಗೆ ಅನುಮತಿ ಕೊಟ್ಟಿತು. ಗಿಡವೇ ಹುಳುವಿಗೆ ವಿಷವಾಗುವಂಥ ಬೀಜ ಅದು. 2006ರಲ್ಲಿ ಇನ್ನೂ ಬಲವಾದ ಎರಡನೆಯ ಬಗೆ ಬಂದಿತು. ಅನುಮತಿಯ ಜೊತೆಗೆ ಒಂದು ಕಟ್ಟಳೆಯೂ ಇತ್ತು: ಹೊಲದ ಅಂಚಿಗೆ ಬೀಟಿಯಲ್ಲದ ಹತ್ತಿಯನ್ನೂ ಬಿತ್ತಬೇಕು. ಅದಕ್ಕೆಂದೇ 450 ಗ್ರಾಮಿನ ಪೊಟ್ಟಣದೊಡನೆ 120 ಗ್ರಾಮಿನ ಬೇರೊಂದು ಪೊಟ್ಟಣ ಕೊಡುತ್ತಿದ್ದರು. ಏಕೆ? ವಿಷ ತಾಳಿ ಉಳಿದ ಪತಂಗಗಳು ತಮ್ಮೊಳಗೇ ಕೂಡಿದರೆ ಸಂತತಿಯೆಲ್ಲ ವಿಷ ತಾಳುವದು. ಅಂಚಿನ ಗಿಡಗಳಲ್ಲಿ ಬೆಳೆದ ಸಾಧಾರಣ ಪತಂಗಗಳೊಡನೆ ಕೂಡಿದರೆ ಆ ಶಕ್ತಿ ಅಷ್ಟು ಬೇಗ ಹಬ್ಬದು.

ಈ ಕಾರಣವನ್ನು ರೈತನಿಗೆ ತಿಳಿಯಹೇಳಿದವರು ಕಡಿಮೆ. ನಾಲ್ಕೆಕರೆಯ ಒಡೆಯ ಹುಳುವಿಗೆಂದು ಸಾಲು ಬಿಡುವನೆ? ಬಹಳ ಜನ ಸಣ್ಣ ಪೊಟ್ಟಣವನ್ನು ಬಿಸಾಡಿದರು. ಕಟ್ಟಳೆ ಕಾಗದದಲ್ಲಿ ಉಳಿಯಿತು. 2010ರಲ್ಲಿ ಗುಜರಾತದ ಹುಳು ಮೊದಲ ಬಗೆಯನ್ನು ಜಯಿಸಿದ್ದು ಬಹಿರಂಗವಾಯಿತು. ಮುಂದೆ ಎರಡನೆಯದನ್ನೂ ಜಯಿಸಿತು. 2017ರಲ್ಲಿ ಮಹಾರಾಷ್ಟ್ರದ ಬೆಳೆಗೆ ಬಿದ್ದ ಹೊಡೆತ ಸಣ್ಣದಲ್ಲ. ಅದೇ ವರ್ಷ ಯವತಮಾಳ ಜಿಲ್ಲೆಯಲ್ಲಿ ಹತ್ತಿಗೆ ಕೀಟನಾಶಕ ಹೊಡೆಯುವಾಗ ವಿಷವೇರಿ ಸುಮಾರು 20 ಮಂದಿ ರೈತರು, ಕೂಲಿಗಳು ಸತ್ತರು. ಕೆಲವು ಔಷಧಗಳ ಮಾರಾಟಕ್ಕೆ ತಾತ್ಕಾಲಿಕ ತಡೆ ಬಂದದ್ದು ಆ ಮೇಲೆ.

ಬೀಜದ ಕಟ್ಟಳೆಯೂ ಬದಲಾಯಿತು. ಬೀಟಿಯಲ್ಲದ ಕಾಳನ್ನು ಅದೇ ಚೀಲದಲ್ಲಿ ಬೆರೆಸಿ ಮಾರುವ ಪದ್ಧತಿ ಬಂದಿತು. ಹುಳು ಗೆದ್ದ ಬಳಿಕ ಇದೊಂದೇ ಸಾಲದು. ತಜ್ಞರು ಹೇಳುವದಿಷ್ಟು: ಹೊತ್ತಿಗೆ ಸರಿಯಾಗಿ ಬಿತ್ತಿರಿ, ಬೆಳೆಯನ್ನು ಬೇಸಗೆಯವರೆಗೆ ಎಳೆಯಬೇಡಿರಿ, ಹತ್ತಿಕಟ್ಟಿಗೆ ಕಿತ್ತು ತೆಗೆಯಿರಿ. ಮೋಹಕ ಬಲೆ ಕಟ್ಟಿ ಪತಂಗ ಎಣಿಸಿರಿ. ಬಲೆಗೆ ರಾತ್ರಿಗೆ 8ರಂತೆ ಮೂರು ರಾತ್ರಿ ಬಿದ್ದರೆ ಔಷಧದ ವಿಚಾರ ಮಾಡಿರಿ.

ಇದು ಒಬ್ಬನ ಕೆಲಸವಲ್ಲ. ಪತಂಗಕ್ಕೆ ಬದುವಿನ ಹಂಗಿಲ್ಲ. ಹತ್ತು ಜನ ಹೊಲ ಹಸನು ಮಾಡಿ, ಹನ್ನೊಂದನೆಯವನು ನಾಲ್ಕು ಕಾಸಿನಾಸೆಗೆ ಬೆಳೆ ನಿಲ್ಲಿಸಿದರೆ ಹುಳುವಿಗೆ ಅಷ್ಟೇ ಸಾಕು. ಕಾಳಿನೊಳಗೆ ಅಡಗಿದ ಹುಳು ಜಿನ್ನಿಂಗ್ ಕಾರಖಾನೆಯ ರಾಶಿಯಿಂದಲೂ ಏಳುತ್ತದೆ. ಆದ್ದರಿಂದ ಯೋಜನೆ ಇಡೀ ಸೀಮೆಗೆ ಇರಬೇಕು, ವರುಷಗಟ್ಟಲೆ ನಿಲ್ಲಬೇಕು. ಕಟ್ಟಳೆ ಬದಲಾದಾಗ ಅದರ ಕಾರಣವೂ ಹಳ್ಳಿಗೆ ಮುಟ್ಟಬೇಕು.

ನಮ್ಮಲ್ಲಿ ಅನೇಕರ ಅಣ್ಣತಮ್ಮಂದಿರು ಊರಲ್ಲಿ ಹತ್ತಿ ಬೆಳೆಯುತ್ತಾರೆ. ರಜೆಗೆ ಊರಿಗೆ ಹೋದಾಗ ಬಿತ್ತನೆಗೆ ಮುಂಚೆ ಇಷ್ಟನ್ನು ಅವರ ಕಿವಿಗೆ ಹಾಕೋಣ. ಇದು ಈ ವಾಚನಾಲಯದಿಂದ ಆಗಬಹುದಾದ ಕೆಲಸ.