ರೋಗ ಮುಚ್ಚಿಡುವುದು ಲಜ್ಜೆಯಲ್ಲ

(ಜುಮಾ ಖುತ್ಬಾದ ಸಾರಾಂಶ)

ಸಕಲ ಸ್ತುತಿಯೂ ಅಲ್ಲಾಹನಿಗೆ ಮೀಸಲು. ಅಂತ್ಯ ಪ್ರವಾದಿ ಮುಹಮ್ಮದ್(ಸ)ರ ಮೇಲೆ, ಅವರ ಕುಟುಂಬದವರ ಮತ್ತು ಸಂಗಾತಿಗಳ ಮೇಲೆ ಅಲ್ಲಾಹನ ಶಾಂತಿ ಮತ್ತು ಕೃಪೆ ಇರಲಿ.



ಮಿಂಬರಿನಿಂದ ಸಾಮಾನ್ಯವಾಗಿ ಆಡದ ಮಾತೊಂದನ್ನು ಇಂದು ಆಡಬೇಕಾಗಿದೆ. ಕೆಲವು ವರ್ಷಗಳ ಹಿಂದೆ ನಮ್ಮ ಜಮಾಅತಿನ ಹಿರಿಯರೊಬ್ಬರು ಅಸರ್ ನಮಾಝಿನ ಬಳಿಕ ಬಂದು, ಎಲ್ಲರೂ ಹೋಗುವವರೆಗೆ ಕಾದು, ಧ್ವನಿ ತಗ್ಗಿಸಿ ಒಂದು ಮಸ್‌ಅಲ ಕೇಳಿದರು. "ಉಸ್ತಾದ್, ಮಲದ ಜೊತೆ ರಕ್ತ ಹೋಗ್ತದೆ. ಒಮ್ಮೊಮ್ಮೆ ಆಮೇಲೂ ಬಟ್ಟೆಗೆ ತಾಗ್ತದೆ. ವುಝೂ ಉಳಿಯುತ್ತದಾ?" ಉಳಿಯುವುದಿಲ್ಲ, ರಕ್ತ ನಿಲ್ಲದಿದ್ದರೆ ಪ್ರತಿ ಫರ್ಝ್ ನಮಾಝಿಗೂ ಸಮಯವಾದ ಮೇಲೆ ಶುಚಿ ಮಾಡಿಕೊಂಡು ಹೊಸ ವುಝೂ ಮಾಡಿ ಎಂದೆವು. ಅವರು ಸಮಾಧಾನದಿಂದ ಹೋದರು.

ಮಸ್‌ಅಲ ಸರಿಯಾಗಿಯೇ ಹೇಳಿದ್ದೆವು. ಆದರೆ ಎಷ್ಟು ದಿನದಿಂದ ರಕ್ತ ಹೋಗುತ್ತಿದೆ, ಡಾಕ್ಟರಿಗೆ ತೋರಿಸಿದಿರಾ ಎಂದು ನಾವು ಕೇಳಲಿಲ್ಲ. ಮೂಲವ್ಯಾಧಿ ಎಂದುಕೊಂಡು ಅವರು ಮನೆಮದ್ದು ಮಾಡುತ್ತಿದ್ದರು. ಹೆಂಡತಿಗೂ ಹೇಳಿರಲಿಲ್ಲ. ಮರುವರ್ಷ ಪತ್ತೆಯಾದಾಗ ಕ್ಯಾನ್ಸರ್ ದೊಡ್ಡ ಕರುಳಿನಿಂದ ಯಕೃತ್ತಿಗೆ ಹಬ್ಬಿತ್ತು. ಅವರ ಜನಾಝ ನಮಾಝಿಗೆ ನಾವೇ ಇಮಾಮರಾಗಿ ನಿಂತೆವು. ಆಯುಷ್ಯ ಅಲ್ಲಾಹನ ಕೈಯಲ್ಲಿದೆ, ನಿಜ. ಆದರೆ ಕೇಳಬೇಕಾದ ಒಂದು ಮಾತನ್ನು ಕೇಳದಿದ್ದುದಕ್ಕೆ ನಾಳೆ ಉತ್ತರಿಸಬೇಕಾದೀತೆಂಬ ಭಯ ನಮಗಿದೆ.

ಸಹೋದರರೇ, ಈ ಮೌನವನ್ನು ನಮಗೆ ದೀನ್ ಕಲಿಸಿಲ್ಲ. ನಿಮ್ಮ ಪ್ರವಾದಿ ಶೌಚಕ್ಕೆ ಕೂರುವುದನ್ನೂ ಕಲಿಸುತ್ತಾರಂತೆ ಎಂದು ಜನರು ಕುಟುಕಿದಾಗ ಹ. ಸಲ್ಮಾನ್ ಫಾರಿಸಿ(ರ) ತಲೆ ತಗ್ಗಿಸಲಿಲ್ಲ. ಹೌದೆಂದು ಒಪ್ಪಿ, ಯಾವ ದಿಕ್ಕಿಗೆ ಮುಖ ಮಾಡಬಾರದು, ಯಾವ ಕೈ ಬಳಸಬಾರದು ಎಂದು ವಿವರಿಸಿಯೇ ಹೇಳಿದರು. ಸಹೀಹ್ ಮುಸ್ಲಿಮ್‌ನಲ್ಲಿ ಈ ಪ್ರಸಂಗವಿದೆ. ನಾಚಿಕೆಯನ್ನು ಅಡ್ಡ ತಾರದೆ ದೀನಿನ ವಿಷಯ ಕೇಳಿ ತಿಳಿಯುತ್ತಿದ್ದ ಅನ್ಸಾರಿ ಮಹಿಳೆಯರನ್ನು ಹ. ಆಯಿಶಾ(ರ) ಮೆಚ್ಚಿದ್ದರು. ಲಜ್ಜೆ ನಮ್ಮನ್ನು ಪಾಪದಿಂದ ತಡೆಯಬೇಕು, ಚಿಕಿತ್ಸೆಯಿಂದಲ್ಲ.

ದೊಡ್ಡ ಕರುಳು ಮತ್ತು ಗುದನಾಳದ ಕ್ಯಾನ್ಸರ್ ಒಂದೇ ರಾತ್ರಿಯಲ್ಲಿ ಬರುವುದಿಲ್ಲ. ಹೆಚ್ಚಾಗಿ ಕರುಳಿನ ಒಳಗೋಡೆಯಲ್ಲಿ ಪಾಲಿಪ್ ಎಂಬ ಸಣ್ಣ ಗಂಟಾಗಿ ಅದು ಶುರುವಾಗುತ್ತದೆ. ಎಲ್ಲ ಗಂಟುಗಳೂ ಕೆಡುವುದಿಲ್ಲ. ಕೆಡುವಂಥದ್ದೂ ಸಾಮಾನ್ಯವಾಗಿ ಹತ್ತು ವರ್ಷದಷ್ಟು ಸಮಯ ತೆಗೆದುಕೊಳ್ಳುತ್ತದೆ. ಆ ಅವಧಿಯೇ ಅಲ್ಲಾಹನು ನಮಗೆ ಕೊಟ್ಟ ಅವಕಾಶ. ಕಣ್ಣಿಗೆ ಕಾಣದ ರಕ್ತವನ್ನು ಹುಡುಕುವ ಮಲಪರೀಕ್ಷೆಗೆ ಕಡ್ಡಿಯ ತುದಿಯಷ್ಟು ಮಲ ಸಾಕು. ಅದರಲ್ಲಿ ರಕ್ತ ಕಂಡರೆ ಕ್ಯಾನ್ಸರ್ ಎಂದೇ ಅರ್ಥವಲ್ಲ, ಮುಂದಿನ ಪರೀಕ್ಷೆ ಬೇಕೆಂದು ಅರ್ಥ. ಅದೇ ಕೊಲೊನೋಸ್ಕೋಪಿ. ತೆಳುವಾದ ಕೊಳವೆಯ ತುದಿಯ ಕ್ಯಾಮೆರಾದಿಂದ ಕರುಳನ್ನು ನೋಡಿ, ಗಂಟು ಕಂಡರೆ ಹೆಚ್ಚಾಗಿ ಅಲ್ಲಿಯೇ ತೆಗೆದುಬಿಡುತ್ತಾರೆ.

ಇಂಗ್ಲೆಂಡಿನಲ್ಲಿ 2006ರಿಂದ ಸರಕಾರವೇ ಈ ಮಲಪರೀಕ್ಷೆಯ ಕಿಟ್ಟನ್ನು ಅಂಚೆಯಲ್ಲಿ ಉಚಿತವಾಗಿ ಮನೆಗೆ ಕಳುಹಿಸುತ್ತಿದೆ. ಆದರೂ ಸುಮಾರು ಮೂವರಲ್ಲಿ ಒಬ್ಬರು ಅದನ್ನು ಹಿಂದಿರುಗಿಸುವುದಿಲ್ಲ. ದಕ್ಷಿಣ ಏಷ್ಯಾ ಮೂಲದ ಮುಸ್ಲಿಮರಲ್ಲಿ ಹಿಂದಿರುಗಿಸುವವರು ಇನ್ನೂ ಕಡಿಮೆ ಎಂದು ಅಲ್ಲಿನ ಅಧ್ಯಯನಗಳು ತೋರಿಸಿವೆ. ಅಂದರೆ ಕೊರತೆ ಹಣದ್ದಲ್ಲ, ಮಾತಿನದ್ದು. ಇದನ್ನು ಕಂಡು ಅಲ್ಲಿನ ಮುಸ್ಲಿಮ್ ವೈದ್ಯರು ಮಸೀದಿಗಳಿಗೇ ಬಂದು ತಿಳಿ ಹೇಳತೊಡಗಿದರು.

ನಮ್ಮ ದೇಶದಲ್ಲಿ 30 ದಾಟಿದವರಿಗೆ ಸರಕಾರದ ತಪಾಸಣಾ ಕಾರ್ಯಕ್ರಮವಿದೆ. ಅದರಲ್ಲಿ ಬಿಪಿ, ಶುಗರ್ ಜೊತೆಗೆ ಬಾಯಿ, ಸ್ತನ ಮತ್ತು ಗರ್ಭಕೊರಳಿನ ಕ್ಯಾನ್ಸರ್ ಸೇರಿದೆ, ಕರುಳಿನದ್ದು ಸೇರಿಲ್ಲ. ಆದ್ದರಿಂದ ಇಲ್ಲಿ ಯಾರೂ ಮನೆಗೆ ಕಿಟ್ ಕಳುಹಿಸುವುದಿಲ್ಲ, ನಾವಾಗಿಯೇ ಡಾಕ್ಟರನ್ನು ಕೇಳಬೇಕು. ತಂದೆ, ತಾಯಿ, ಒಡಹುಟ್ಟಿದವರಲ್ಲಿ ಯಾರಿಗಾದರೂ ಈ ರೋಗ ಬಂದಿದ್ದರೆ, 40ರ ಹೊತ್ತಿಗೆ ಅಥವಾ ಅವರಿಗೆ ಬಂದ ವಯಸ್ಸಿಗಿಂತ ಹತ್ತು ವರ್ಷ ಮೊದಲೇ ಕೇಳಬೇಕು. ಉಳಿದವರು 50 ತುಂಬುವ ಮುನ್ನ ಒಮ್ಮೆ ವಿಚಾರಿಸಲಿ. ಇನ್ನು ಮಲದಲ್ಲಿ ರಕ್ತ, ವಾರಗಟ್ಟಲೆ ಬದಲಾದ ಮಲವಿಸರ್ಜನೆ, ಕಾರಣ ತಿಳಿಯದ ರಕ್ತಹೀನತೆ, ತೂಕ ಇಳಿಯುವುದು, ಇವುಗಳಲ್ಲಿ ಒಂದಿದ್ದರೂ ವಯಸ್ಸು ನೋಡದೆ ಡಾಕ್ಟರ ಬಳಿ ಹೋಗಬೇಕು. ಮೂಲವ್ಯಾಧಿಯೇ ಆಗಿರಬಹುದು. ಅದನ್ನು ಡಾಕ್ಟರು ನೋಡಿ ಹೇಳಲಿ.

ನಮ್ಮ ಬಳಿ ಬರುವ ಸಂದೇಹಗಳಿಗೂ ಉತ್ತರ ಹೇಳಿಬಿಡುತ್ತೇವೆ. ಮಲ ನಜಸ್ ಅಲ್ಲವೇ ಎನ್ನುತ್ತಾರೆ. ಹೌದು, ಕೈ ತೊಳೆದು ವುಝೂ ಮಾಡಿದರಾಯಿತು, ಪರೀಕ್ಷೆಗೆ ಕೊಡುವುದರಲ್ಲಿ ಪಾಪವಿಲ್ಲ. ಔರತ್ ತೋರಿಸುವುದು ಹೇಗೆ ಎನ್ನುತ್ತಾರೆ. ಚಿಕಿತ್ಸೆಯ ಅಗತ್ಯಕ್ಕೆ, ಅಗತ್ಯವಿದ್ದಷ್ಟು ಅನುಮತಿಯಿದೆ. ಮಹಿಳೆಯರು ಮಹಿಳಾ ಡಾಕ್ಟರನ್ನು ಕೇಳಿಕೊಳ್ಳಲಿ, ಸಿಗದಿದ್ದರೆ ಪರೀಕ್ಷೆ ಬಿಡಬಾರದು. ಮಲಪರೀಕ್ಷೆಯಿಂದ ಉಪವಾಸಕ್ಕೆ ತೊಂದರೆಯಿಲ್ಲ. ಕೊಲೊನೋಸ್ಕೋಪಿಗೆ ಔಷಧಿ ಕುಡಿದು ಕರುಳು ಖಾಲಿ ಮಾಡಬೇಕಾದ್ದರಿಂದ ರಮಝಾನಿನ ಹೊರಗೆ ಇಟ್ಟುಕೊಳ್ಳುವುದು ಒಳ್ಳೆಯದು. ತುರ್ತಾಗಿದ್ದರೆ ಉಪವಾಸ ಬಿಟ್ಟು ಮಾಡಿಸಿ, ಕಝಾ ತೀರಿಸಿದರಾಯಿತು.

ಎಲ್ಲವೂ ವಿಧಿಯಲ್ಲವೇ ಎನ್ನುವವರಿಗೆ ಹ. ಉಮರ್(ರ)ರ ಉದಾಹರಣೆಯಿದೆ. ಶಾಮ್‌ನಲ್ಲಿ ಪ್ಲೇಗ್ ಹಬ್ಬಿದ ಸುದ್ದಿ ಕೇಳಿ ಅವರು ದಾರಿಯಿಂದಲೇ ಹಿಂದಿರುಗಲು ನಿರ್ಧರಿಸಿದಾಗ, ಅಲ್ಲಾಹನ ವಿಧಿಯಿಂದ ಓಡುತ್ತೀರಾ ಎಂದು ಹ. ಅಬೂ ಉಬೈದಾ(ರ) ಕೇಳಿದರು. ಅಲ್ಲಾಹನ ಒಂದು ವಿಧಿಯಿಂದ ಅವನದೇ ಇನ್ನೊಂದು ವಿಧಿಯತ್ತ ಹೋಗುತ್ತಿದ್ದೇವೆ ಎಂಬುದು ಉಮರ್(ರ)ರ ಉತ್ತರವಾಗಿತ್ತು. ರೋಗದಂತೆ ಚಿಕಿತ್ಸೆಯೂ ಅವನ ವಿಧಿಯೇ.

ಕಿದ್ವಾಯಿಗೆ ಹೋದವರು ಮರಳುವುದಿಲ್ಲ ಎಂದು ನಮ್ಮ ಊರುಗಳಲ್ಲಿ ಹೇಳುವುದುಂಟು. ತಡವಾಗಿ ಹೋದವರನ್ನಷ್ಟೇ ನೋಡಿ ಹುಟ್ಟಿದ ಮಾತದು. ಬೇಗ ಪತ್ತೆಯಾದರೆ ಈ ರೋಗದಿಂದ ಗುಣವಾಗುವವರೇ ಹೆಚ್ಚು.

ಮನೆಯಲ್ಲಿ ಈ ಪತ್ರಿಕೆ ಓದುತ್ತಿರುವ ತಾಯಂದಿರೇ, ಸಹೋದರಿಯರೇ, ನಿಮ್ಮ ಯಜಮಾನರು ತಾವಾಗಿ ಹೇಳಲಿಕ್ಕಿಲ್ಲ, ನೀವೇ ಕೇಳಿ. ನಿಮಗೇ ತೊಂದರೆಯಿದ್ದರೆ ಮಕ್ಕಳಿಂದ ಮುಚ್ಚಿಡಬೇಡಿ. ಗಲ್ಫ್‌ನಲ್ಲಿ ದುಡಿಯುವ ಮಕ್ಕಳೇ, ಮುಂದಿನ ಫೋನಿನಲ್ಲಿ ಊಟ ಆಯಿತಾ ಎಂದು ಕೇಳಿದ ಮೇಲೆ ಇದನ್ನೂ ಒಮ್ಮೆ ಕೇಳಿ. ನಾವೂ ಒಂದು ಮಾತು ಕೊಡುತ್ತೇವೆ. ರಕ್ತದ ಮಸ್‌ಅಲ ಹಿಡಿದು ಯಾರೇ ಬಂದರೂ ಉತ್ತರ ಹೇಳಿ ಕಳುಹಿಸಿಬಿಡುವುದಿಲ್ಲ. ಡಾಕ್ಟರಿಗೆ ತೋರಿಸಿದಿರಾ ಎಂದು ಕೇಳುತ್ತೇವೆ. ಒಬ್ಬರೇ ಹೋಗಲು ಹಿಂಜರಿದರೆ ಜೊತೆಗೂ ಬರುತ್ತೇವೆ.

ಅಲ್ಲಾಹನು ನಮ್ಮ ರೋಗಿಗಳಿಗೆ ಶಿಫಾ ನೀಡಲಿ, ಅಗಲಿದವರಿಗೆ ಮಗ್ಫಿರತ್ ನೀಡಲಿ, ಆರೋಗ್ಯವೆಂಬ ಅಮಾನತನ್ನು ಕಾಪಾಡಿಕೊಳ್ಳುವ ತೌಫೀಕ್ ನಮಗೆಲ್ಲ ಕರುಣಿಸಲಿ. ಆಮೀನ್.