ಬಾಯಿಗೆ ಬಾರದ ಮಾತು



ಬೀದರ ಜಿಲ್ಲೆ ಬಸವಕಲ್ಯಾಣ ತಾಲ್ಲೂಕಿನ ಮೋರಖಂಡಿಯಂಥ ಊರಿನಲ್ಲಿ ಒಂದು ಮನೆಯನ್ನು ಕಲ್ಪಿಸಿಕೊಳ್ಳಿ. ಮನೆಯ ಹಿರಿಯ ತಾಯಿಗೆ 62 ವರ್ಷ. ರೊಟ್ಟಿ ಬಡಿಯುತ್ತಾರೆ, ಎಮ್ಮೆ ಹಿಂಡುತ್ತಾರೆ, ಸಂತೆಯ ಲೆಕ್ಕ ತಪ್ಪುವುದಿಲ್ಲ. ಆದರೆ ಒಂದು ವರ್ಷದಿಂದ ಮಾತಿನ ನಡುವೆ ತಡೆಯುತ್ತಾರೆ. ಕುಡುಗೋಲು ಬೇಕಾದರೆ "ಅದು... ಜೋಳ ಕೊಯ್ಯೋದು... ಅದು" ಎಂದು ಕೈಯಾಡಿಸುತ್ತಾರೆ. ಮಗ "ನೆಟ್ಟಗೆ ಹೇಳಬಾರದೇನು" ಎಂದು ರೇಗುತ್ತಾನೆ. ನೆರೆಯವರು "ವಯಸ್ಸಾಯಿತು ಬಿಡಿ" ಎನ್ನುತ್ತಾರೆ. ಆ ತಾಯಿ ಮೆಲ್ಲಗೆ ಮಾತನ್ನೇ ಕಡಿಮೆ ಮಾಡುತ್ತಾರೆ.

ಇದು ಹಟವಲ್ಲ, ಬರಿಯ ಮುಪ್ಪೂ ಅಲ್ಲದಿರಬಹುದು. ಮೆದುಳಿನಲ್ಲಿ ಮಾತಿಗೆ ಸಂಬಂಧಿಸಿದ ಭಾಗಗಳು ನಿಧಾನವಾಗಿ ಸವೆಯುವ ಕಾಯಿಲೆಯೊಂದಿದೆ. 1982ರಲ್ಲಿ ಅಮೆರಿಕದ ನರವೈದ್ಯ ಮಾರ್ಸೆಲ್ ಮೆಸುಲಮ್ ಅವರು ಇಂಥ ಆರು ರೋಗಿಗಳನ್ನು ವರ್ಣಿಸಿದರು. ನೆನಪು, ವಿವೇಕ, ದಿನದ ಕೆಲಸ ಎಲ್ಲವೂ ಬಹುಮಟ್ಟಿಗೆ ಸರಿಯಿದ್ದು, ಮಾತು ಮಾತ್ರ ವರ್ಷದಿಂದ ವರ್ಷಕ್ಕೆ ಕುಂದುತ್ತ ಹೋಗುವುದು ಇದರ ಲಕ್ಷಣ. ಇದಕ್ಕೆ ಪ್ರೈಮರಿ ಪ್ರೋಗ್ರೆಸಿವ್ ಅಫೇಸಿಯಾ, ಅಂದರೆ ಕ್ರಮೇಣ ಹೆಚ್ಚುವ ಮಾತಿನ ನಷ್ಟ, ಎಂದು ಹೆಸರು.

ಇದರಲ್ಲಿ ಮುಖ್ಯವಾಗಿ ಮೂರು ಬಗೆಗಳನ್ನು 2011ರಲ್ಲಿ ತಜ್ಞರು ಗುರುತಿಸಿದರು. ಮೊದಲನೆಯದರಲ್ಲಿ ಮಾತು ಕಷ್ಟಪಟ್ಟು ಹೊರಡುತ್ತದೆ; ವ್ಯಾಕರಣ ಕಳಚಿಕೊಳ್ಳುತ್ತದೆ. "ಅಂಗಡಿಗೆ ಹೋಗಿ ಸಕ್ಕರೆ ತಂದೆ" ಎನ್ನುವ ಬದಲು "ಅಂಗಡಿ... ಸಕ್ಕರೆ" ಎಂದಷ್ಟೇ ಬರಬಹುದು. ಎರಡನೆಯದರಲ್ಲಿ ಮಾತು ಸರಾಗ, ಆದರೆ ಪದದ ಅರ್ಥವೇ ಅಳಿಸಿಹೋಗುತ್ತದೆ. "ಕುಡುಗೋಲು ತಾ" ಎಂದರೆ "ಕುಡುಗೋಲು ಅಂದರೇನು?" ಎಂದು ಕೇಳುತ್ತಾರೆ. ಮೂರನೆಯದರಲ್ಲಿ ಅರ್ಥ ಗೊತ್ತು, ಪದ ಸಿಗುವುದಿಲ್ಲ. ಉದ್ದನೆಯ ವಾಕ್ಯವನ್ನು ಮರುಹೇಳಲಾಗುವುದಿಲ್ಲ. ನಮ್ಮ ಕಲ್ಪನೆಯ ತಾಯಿಯ ತೊಂದರೆ ಈ ಮೂರನೆಯದನ್ನು ಹೋಲುತ್ತದೆ.

ಇಲ್ಲಿ ಒಂದು ಎಚ್ಚರಿಕೆ. ಮಾತು ತಿಂಗಳುಗಟ್ಟಲೆ ಕುಂದಿದರೆ ಅದು ಬೇರೆ. ಇದ್ದಕ್ಕಿದ್ದಂತೆ ತೊದಲಿದರೆ, ಬಾಯಿ ಸೊಟ್ಟಗಾದರೆ, ಕೈಕಾಲು ಸೋತರೆ ಅದು ಪಾರ್ಶ್ವವಾಯು ಇರಬಹುದು. ರಕ್ತದ ಗಡ್ಡೆ ಕರಗಿಸುವ ಔಷಧವನ್ನು ಸಾಮಾನ್ಯವಾಗಿ ನಾಲ್ಕೂವರೆ ಗಂಟೆಯೊಳಗೆ ಕೊಡಬೇಕು. ಆಗ ಕಾಯದೆ 108ಕ್ಕೆ ಕರೆ ಮಾಡಿ.

ಈಗ ಮುಖ್ಯ ವಿಷಯಕ್ಕೆ ಬರೋಣ. ಆ ಮನೆಯ ಮಗನಿಗೆ ಯಾರೋ ಹೇಳುತ್ತಾರೆ: "ದೊಡ್ಡ ಊರಿನಲ್ಲಿ ತಲೆಗೆ ಕರೆಂಟು ಕೊಡುವ ಯಂತ್ರವಿದೆ, ಮಾತು ವಾಪಸು ಬರುತ್ತದೆ." ಹುಮನಾಬಾದಿನ ಮೂಲಕ ಹೆದ್ದಾರಿ ಹಿಡಿದರೆ ಹೈದರಾಬಾದು ದೂರವೇನಲ್ಲ. ತೊಗರಿ ಬೆಳೆಯುವ ಒಂದು ಎಕರೆ ಮಾರಿಯಾದರೂ ಕರೆದೊಯ್ಯಲೇ ಎಂದು ಅವನು ಯೋಚಿಸುತ್ತಾನೆ. ಅವನಿಗೆ ನಾವು ಏನು ಹೇಳಬೇಕು?

ಯಂತ್ರ ಸುಳ್ಳಲ್ಲ. ತಲೆಬುರುಡೆ ತೆರೆಯದೆ ಮೆದುಳನ್ನು ಪ್ರಚೋದಿಸುವ ಎರಡು ವಿಧಾನಗಳು ಈಗ ಬಳಕೆಯಲ್ಲಿವೆ. ಮೊದಲನೆಯದು ಕಾಂತೀಯ ಪ್ರಚೋದನೆ. 1985ರಲ್ಲಿ ಇಂಗ್ಲೆಂಡಿನ ಶೆಫೀಲ್ಡಿನಲ್ಲಿ ಆಂಥನಿ ಬಾರ್ಕರ್ ಮತ್ತು ಸಂಗಡಿಗರು ಇದನ್ನು ತೋರಿಸಿದರು. ತಲೆಯ ಬಳಿ ಹಿಡಿದ ತಂತಿಯ ಸುರುಳಿಯಲ್ಲಿ ಕ್ಷಣಮಾತ್ರ ವಿದ್ಯುತ್ತು ಹರಿದಾಗ ಕಾಂತಕ್ಷೇತ್ರ ಹುಟ್ಟಿ, ಅದು ಮೆದುಳಿನ ಮೇಲ್ಪದರದಲ್ಲಿ ಸಣ್ಣ ವಿದ್ಯುತ್ತನ್ನು ಎಬ್ಬಿಸುತ್ತದೆ. ಎರಡನೆಯದು ಇನ್ನೂ ಸರಳ. ಉಪ್ಪುನೀರಿನಲ್ಲಿ ನೆನೆಸಿದ ಎರಡು ಸ್ಪಂಜಿನ ಪಟ್ಟಿಗಳನ್ನು ತಲೆಗೆ ಕಟ್ಟಿ, ಬ್ಯಾಟರಿಯಿಂದ ಸುಮಾರು 1ರಿಂದ 2 ಮಿಲಿ ಆಂಪಿಯರ್ ನೇರ ವಿದ್ಯುತ್ತನ್ನು 20 ನಿಮಿಷದಷ್ಟು ಹೊತ್ತು ಹರಿಸುತ್ತಾರೆ. 2000ದಲ್ಲಿ ಜರ್ಮನಿಯ ನಿಟ್ಷೆ ಮತ್ತು ಪೌಲುಸ್ ಅವರ ಪ್ರಯೋಗಗಳಿಂದ ಇದು ಪ್ರಚಾರಕ್ಕೆ ಬಂದಿತು.

"ಕರೆಂಟು" ಎಂದೊಡನೆ ನಮ್ಮ ಜನ ಮಾನಸಿಕ ಆಸ್ಪತ್ರೆಯ ಶಾಕ್ ಚಿಕಿತ್ಸೆಯನ್ನು ನೆನೆದು ಹೆದರುತ್ತಾರೆ. ಅದಕ್ಕೂ ಇದಕ್ಕೂ ಸಂಬಂಧವಿಲ್ಲ. ಅಲ್ಲಿ ಅರಿವಳಿಕೆ ಕೊಟ್ಟು, ನೂರಾರು ಮಿಲಿ ಆಂಪಿಯರ್ ಹರಿಸಿ, ನಿಯಂತ್ರಿತ ಸೆಳವನ್ನು ಉಂಟುಮಾಡುತ್ತಾರೆ. ಇಲ್ಲಿ ರೋಗಿ ಎಚ್ಚರವಾಗಿ ಕುಳಿತು ಮಾತನಾಡುತ್ತಿರುತ್ತಾರೆ. ಚರ್ಮ ಚುರುಗುಟ್ಟುವುದು, ತುರಿಕೆ, ಸ್ವಲ್ಪ ಕೆಂಪಾಗುವುದು ಸಾಮಾನ್ಯ. ಕಾಂತೀಯ ವಿಧಾನದಲ್ಲಿ ಮಾತ್ರ ಅಪರೂಪಕ್ಕೆ ಫಿಟ್ಸ್ ಬರಬಹುದು. ತಲೆಯೊಳಗೆ ಲೋಹದ ತುಂಡು, ಕಿವಿಯಲ್ಲಿ ಕಾಕ್ಲಿಯರ್ ಯಂತ್ರ, ಎದೆಯಲ್ಲಿ ಪೇಸ್‌ಮೇಕರ್ ಇದ್ದವರು ಮೊದಲೇ ತಿಳಿಸಬೇಕು.

ಹಾಗಾದರೆ ಇದು ಮಾತನ್ನು ಹಿಂದಿರುಗಿಸುತ್ತದೆಯೆ? ಇಷ್ಟು ಅಲ್ಪ ವಿದ್ಯುತ್ತು ನರಕೋಶವನ್ನು ತಾನಾಗಿ ಕೆಲಸಕ್ಕೆ ಹಚ್ಚುವುದಿಲ್ಲ. ಕೆಲಸಕ್ಕೆ ಸ್ವಲ್ಪ ಹೆಚ್ಚು ಸಿದ್ಧವಾಗಿಸುತ್ತದೆ ಅಷ್ಟೆ. ಹದ ಮಾಡಿದ ಹೊಲದಂತೆ ಎನ್ನಿ. ಬೀಜ ಬಿತ್ತದಿದ್ದರೆ ಹದದ ಹೊಲದಲ್ಲೂ ಬೆಳೆ ಬಾರದು. ಇಲ್ಲಿ ಬೀಜವೆಂದರೆ ಭಾಷಾ ಅಭ್ಯಾಸ: ಚಿತ್ರ ನೋಡಿ ಹೆಸರು ಹೇಳುವುದು, ಬರೆಯುವುದು, ಮತ್ತೆ ಮತ್ತೆ ಹೇಳುವುದು.

ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದ ಕಿರಾನಾ ತ್ಸಪ್ಕಿನಿ ಮತ್ತು ಸಂಗಡಿಗರು 2018ರಲ್ಲಿ ಈ ಕಾಯಿಲೆಯ 36 ಜನರ ಮೇಲಿನ ಪರೀಕ್ಷೆಯ ಫಲವನ್ನು ಪ್ರಕಟಿಸಿದರು. ಒಂದು ಅವಧಿಯಲ್ಲಿ ಅಭ್ಯಾಸದ ಜೊತೆ ನಿಜವಾದ ವಿದ್ಯುತ್ತು, ಇನ್ನೊಂದರಲ್ಲಿ ತೋರಿಕೆಯ ವಿದ್ಯುತ್ತು. ಅಭ್ಯಾಸ ಮಾಡಿದ ಪದಗಳಲ್ಲಿ ಎರಡೂ ಅವಧಿಗಳಲ್ಲಿ ಸುಧಾರಣೆ ಕಂಡಿತು. ನಿಜವಾದ ವಿದ್ಯುತ್ತು ಇದ್ದಾಗ ಲಾಭ ಹೆಚ್ಚು ಕಾಲ, ಎರಡು ತಿಂಗಳವರೆಗೂ, ಉಳಿಯಿತು. ಅಭ್ಯಾಸ ಮಾಡದ ಪದಗಳಿಗೂ ಹಬ್ಬಿತು. ಆದರೆ ಪದದ ಅರ್ಥವೇ ಅಳಿಯುವ ಬಗೆಯವರಿಗೆ ಅಂಥ ಪ್ರಯೋಜನ ಕಾಣಲಿಲ್ಲ.

ಇದರಿಂದ ಎರಡು ಮಾತು ತಿಳಿಯುತ್ತವೆ. ಒಂದು, ವಿದ್ಯುತ್ತು ಸಹಾಯಕ ಮಾತ್ರ, ದುಡಿಯುವುದು ಅಭ್ಯಾಸ. ಎರಡು, ಇದು ಮೆದುಳಿನ ಸವೆತವನ್ನು ನಿಲ್ಲಿಸುತ್ತದೆ ಎಂದು ಸಿದ್ಧವಾಗಿಲ್ಲ. ಪರೀಕ್ಷೆಗಳು ಇನ್ನೂ ಚಿಕ್ಕವು. ಇದು ರೂಢಿಯ ಚಿಕಿತ್ಸೆಯಾಗಿಲ್ಲ. ಆದ್ದರಿಂದ ಆ ಮಗನಿಗೆ ನಾನು ಹೇಳುವುದು ಇಷ್ಟು: "ಹೊಲ ಮಾರಬೇಡಪ್ಪ. ಮಾತು ವಾಪಸು ತರುತ್ತೇವೆಂದು ಹಣ ಕೇಳುವವರನ್ನು ನಂಬಬೇಡ. ಆದರೆ ಕೈಕಟ್ಟಿ ಕೂರಲೂ ಬೇಡ."

ಏಕೆಂದರೆ ಮಾಡಬಹುದಾದ್ದು ಬಹಳವಿದೆ, ಅದಕ್ಕೆ ಕಾಲ ಮಾತ್ರ ಕಡಿಮೆ. ಮೊದಲು ಸರಿಯಾದ ಪರೀಕ್ಷೆಯಾಗಬೇಕು. ಕಿವಿ ಮಂದವಾಗಿದ್ದರೂ, ಥೈರಾಯ್ಡ್ ಅಥವಾ ಬಿ12 ಕೊರತೆಯಿದ್ದರೂ, ಖಿನ್ನತೆಯಿದ್ದರೂ ಮಾತು ಕುಂದಿದಂತೆ ತೋರಬಹುದು, ಇವಕ್ಕೆ ಚಿಕಿತ್ಸೆಯಿದೆ. ನಮ್ಮ ರಾಜ್ಯದಲ್ಲಿ ಬೆಂಗಳೂರಿನ ನಿಮ್ಹಾನ್ಸ್ ಮತ್ತು ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇಂಥ ತೊಂದರೆಗಳನ್ನು ಪರೀಕ್ಷಿಸುವ ಹೆಸರಾಂತ ಕೇಂದ್ರಗಳು. ಅಷ್ಟು ದೂರ ಹೋಗುವ ಮೊದಲು ಜಿಲ್ಲಾ ಆಸ್ಪತ್ರೆಯಲ್ಲಿ ವಿಚಾರಿಸಿ. ಜಿಲ್ಲಾ ಮಟ್ಟದಲ್ಲೇ ಮೆದುಳಿನ ಕಾಯಿಲೆಗಳನ್ನು ಗುರುತಿಸಲೆಂದು ರಾಜ್ಯ ಸರ್ಕಾರ ಮತ್ತು ನಿಮ್ಹಾನ್ಸ್ 2022ರಲ್ಲಿ ಕರ್ನಾಟಕ ಮೆದುಳು ಆರೋಗ್ಯ ಕಾರ್ಯಕ್ರಮವನ್ನು ಆರಂಭಿಸಿವೆ.

ಪರೀಕ್ಷಿಸುವವರಿಗೆ ಒಂದು ಮಾತು ಮರೆಯದೆ ಹೇಳಿ: ರೋಗಿ ಮನೆಯಲ್ಲಿ ಯಾವ ಭಾಷೆ ಆಡುತ್ತಿದ್ದರು, ಸಂತೆಯಲ್ಲಿ ಯಾವುದು, ಶಾಲೆಯಲ್ಲಿ ಯಾವುದು. ನಮ್ಮ ಗಡಿಭಾಗದಲ್ಲಿ ಕನ್ನಡ, ಮರಾಠಿ, ದಖನಿ ಉರ್ದು, ತೆಲುಗು ಒಂದೇ ಓಣಿಯಲ್ಲಿ ಕೇಳಿಬರುತ್ತವೆ. ಒಂದು ಭಾಷೆ ಮೊದಲು ಕುಂದಿ ಇನ್ನೊಂದು ಉಳಿದಿರಬಹುದು. ಒಂದರಲ್ಲಿ ಮಾತ್ರ ಪರೀಕ್ಷಿಸಿದರೆ ಅರ್ಧ ಚಿತ್ರವಷ್ಟೇ ಸಿಗುತ್ತದೆ.

ಈ ಬಹುಭಾಷೆ ನಮ್ಮ ಹೊರೆಯಲ್ಲ, ಸಂಪತ್ತು. ಡಾ. ಸುವರ್ಣಾ ಅಲ್ಲಾಡಿ ಮತ್ತು ಸಂಗಡಿಗರು ಹೈದರಾಬಾದಿನಲ್ಲಿ 648 ಡಿಮೆನ್ಷಿಯಾ ರೋಗಿಗಳನ್ನು ಅಧ್ಯಯನ ಮಾಡಿ 2013ರಲ್ಲಿ ಪ್ರಕಟಿಸಿದರು. ಎರಡು ಅಥವಾ ಹೆಚ್ಚು ಭಾಷೆ ಬಲ್ಲವರಲ್ಲಿ ಕಾಯಿಲೆ ಸರಾಸರಿ ನಾಲ್ಕೂವರೆ ವರ್ಷ ತಡವಾಗಿ ಕಾಣಿಸಿಕೊಂಡಿತ್ತು. ಅಕ್ಷರ ಕಲಿಯದವರಲ್ಲೂ ಈ ಅಂತರವಿತ್ತು.

ಕೊನೆಯದಾಗಿ ಮನೆಯಲ್ಲಿ ಮಾಡುವುದು. ಅವರ ಬಳಕೆಯ ಐವತ್ತು ಪದಗಳನ್ನು ಆರಿಸಿ: ಮೊಮ್ಮಕ್ಕಳ ಹೆಸರು, ಪಾತ್ರೆ, ಕಾಳು, ಹಬ್ಬ. ಫೋಟೋ ಅಂಟಿಸಿ ಒಂದು ಪುಸ್ತಕ ಮಾಡಿ, ವಾಕ್ ಚಿಕಿತ್ಸಕರ ಸಲಹೆಯಂತೆ ದಿನಕ್ಕೆ ಅರ್ಧ ಗಂಟೆ ಕೂಡಿ ಹೇಳಿಸಿ. ಮುಂದೆ ಮಾತು ನಿಂತಾಗ ಅದೇ ಪುಸ್ತಕದ ಮೇಲೆ ಬೆರಳಿಟ್ಟು ಅವರು ಕೇಳಬಲ್ಲರು. ಮಾತಾಡುವಾಗ ರೇಡಿಯೊ, ಟಿ.ವಿ. ನಿಲ್ಲಿಸಿ. ಒಬ್ಬೊಬ್ಬರೇ ಮಾತಾಡಿ. ಪದಕ್ಕಾಗಿ ತಡಕಾಡುವಾಗ ಕಾಯಿರಿ, ಮಧ್ಯೆ ಬಾಯಿ ಹಾಕಬೇಡಿ. ಇನ್ನೂ ಮಾತು ಇರುವಾಗಲೇ ಅವರ ದನಿಯಲ್ಲಿ ಒಂದು ಕಥೆ, ಒಂದು ಹಾಡು ಮೊಬೈಲಿನಲ್ಲಿ ಹಿಡಿದಿಡಿ. ಜಮೀನು, ಹಣದ ವಿಚಾರದಲ್ಲಿ ಅವರ ಇಚ್ಛೆಯನ್ನೂ ಈಗಲೇ ಕೇಳಿಕೊಳ್ಳಿ.

ಎಂಟುನೂರು ವರ್ಷಗಳ ಹಿಂದೆ ಕಲ್ಯಾಣದಲ್ಲಿ ದೊರೆಯ ಮಂತ್ರಿಯೂ ಕಾಯಕದ ಜನರೂ ಒಟ್ಟಿಗೆ ಕುಳಿತು ಮಾತಾಡಿದರು, ಒಬ್ಬರ ಮಾತನ್ನು ಒಬ್ಬರು ಕೇಳಿದರು ಎಂದು ಹೆಮ್ಮೆಯಿಂದ ಹೇಳುತ್ತೇವೆ. ಅದೇ ನೆಲದ ಒಂದು ಮನೆಯಲ್ಲಿ ಒಬ್ಬ ತಾಯಿ ಒಂದು ಪದಕ್ಕಾಗಿ ತಡಕಾಡುತ್ತಿದ್ದರೆ, ನಿಮ್ಮ ಮನೆಯಲ್ಲೂ ಅಂಥವರಿದ್ದರೆ, ಇಂದು ಸಂಜೆ ಅವರ ಎದುರು ಕುಳಿತುಕೊಳ್ಳಿ. ಆ ಪದ ಬರುವವರೆಗೆ ಕಾಯಿರಿ.